ಕೈಯಿಂದ ಕೈಗೆ ದಾಟಿದ ನಗೆ: ಆಡುವ ಚಿತ್ರಗಳ ಕಿರುಚರಿತ್ರೆ

ಇತಿಹಾಸದ ಆಧಾರಗಳ ಪಾಠ ಮಾಡುವಾಗ, ಯಾವ ವಸ್ತು ಕೈಗೆ ಬಂದರೂ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ಹೇಳಿಕೊಡುವುದು ನಮ್ಮ ಅಧ್ಯಾಪಕ ವೃತ್ತಿಯ ವಾಡಿಕೆ. ಇದನ್ನು ಮಾಡಿದವರು ಯಾರು? ಯಾವ ಕಾಲದಲ್ಲಿ ಮಾಡಿದರು? ಇದು ನಮ್ಮವರೆಗೆ ಹೇಗೆ ಬಂದು ತಲುಪಿತು? ಶಾಸನಕ್ಕೂ ನಾಣ್ಯಕ್ಕೂ ತಾಳೆಗರಿಗೂ ಕೇಳುವ ಈ ಪ್ರಶ್ನೆಗಳನ್ನು, ನಮ್ಮ ಮೊಬೈಲಿಗೆ ಪ್ರತಿದಿನ ಬಂದು ಬೀಳುವ ನಗೆಚಿತ್ರಗಳಿಗೆ ನಾವು ಕೇಳುವುದೇ ಇಲ್ಲ. ಕುಣಿಯುವ ಕೂಸು, ಹಾರುವ ಬೆಕ್ಕು, ತಲೆಯಾಡಿಸುವ ಇಲಿಗಳ ಸಾಲು ಹೀಗೆ ನಾಲ್ಕು ಕ್ಷಣ ಆಡಿ, ಮುಗಿದೊಡನೆ ಮತ್ತೆ ಮೊದಲಿನಿಂದ ಆಡತೊಡಗುವ ಚಿತ್ರಗಳು ಬರುತ್ತವೆ. ನೋಡುತ್ತೇವೆ, ನಗುತ್ತೇವೆ, ನಮ್ಮದೊಂದು ಕುಚೋದ್ಯದ ಮಾತು ಸೇರಿಸಿ ಇನ್ನೊಬ್ಬರಿಗೆ ದಾಟಿಸುತ್ತೇವೆ. ಮದುವೆಯ ಮನೆಯಲ್ಲಿ ಎಲೆಯಡಿಕೆಯ ತಟ್ಟೆಯನ್ನು ಪಕ್ಕದವರಿಗೆ ಸರಿಸಿದಷ್ಟೇ ಸಹಜವಾಗಿ ಇದು ನಡೆದುಹೋಗುತ್ತದೆ.

ಇಷ್ಟು ಹಗುರವಾದ ಸಂಗತಿಗೂ ಚರಿತ್ರೆಯುಂಟೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಉಂಟು. ಅದು ಸುಮಾರು ಇನ್ನೂರು ವರ್ಷಗಳ ಚರಿತ್ರೆ. ಅದರಲ್ಲಿ ವಿಜ್ಞಾನಿಗಳಿದ್ದಾರೆ, ವ್ಯಾಪಾರಿಗಳಿದ್ದಾರೆ, ವಕೀಲರೂ ಇದ್ದಾರೆ. ಕೆಲವರಿಗೆ ಅದರಿಂದ ಭಾಗ್ಯ ಖುಲಾಯಿಸಿತು. ಹಲವರ ಹೆಸರೇ ಅಳಿಸಿಹೋಯಿತು. ಆ ಕಥೆಯನ್ನು ಕಾಲಾನುಕ್ರಮದಲ್ಲಿ ಹೇಳಬೇಕೆಂಬುದು ಈ ಬರಹದ ಉದ್ದೇಶ.

ತಿರುಗುವ ತಟ್ಟೆ

ಚಿತ್ರವನ್ನು ಆಡಿಸಿ ಜನರನ್ನು ನಗಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಪರದೆಯ ಮೇಲೆ ಬಂದರೆಂದರೆ, ರಾಮಾಯಣದ ಗಂಭೀರ ಪ್ರಸಂಗದ ನಡುವೆಯೂ ಸಭೆ ಗೊಳ್ಳೆಂದು ನಗುತ್ತಿತ್ತು. ಆದರೆ ಅಲ್ಲಿ ಗೊಂಬೆಯ ಹಿಂದೆ ಕಲಾವಿದನ ಕೈ ಇರಲೇಬೇಕು. ಕಲಾವಿದನಿಲ್ಲದ ಕಡೆಯಲ್ಲೂ ಚಿತ್ರ ತಾನಾಗಿ ಆಡಬೇಕಾದರೆ ಬೇರೊಂದು ಉಪಾಯ ಬೇಕಾಗಿತ್ತು.

ಆ ಉಪಾಯವನ್ನು 1832ರ ಹೊತ್ತಿಗೆ ಕಂಡುಕೊಂಡವನು ಬೆಲ್ಜಿಯಂ ದೇಶದ ಭೌತವಿಜ್ಞಾನಿ ಜೋಸೆಫ್ ಪ್ಲಾತೋ. ಹೆಚ್ಚುಕಡಿಮೆ ಅದೇ ಸಮಯದಲ್ಲಿ ವಿಯೆನ್ನಾದ ಸೈಮನ್ ಸ್ಟಾಂಪ್‌ಫರ್ ಕೂಡ ಸ್ವತಂತ್ರವಾಗಿ ಅದನ್ನೇ ಕಂಡುಹಿಡಿದನು. ಒಂದು ದುಂಡನೆಯ ರಟ್ಟಿನ ತಟ್ಟೆ. ಅದರ ಅಂಚಿನ ಸುತ್ತ ಸಮಾನ ಅಂತರದಲ್ಲಿ ಸಣ್ಣ ಸೀಳುಗಳು. ಸೀಳುಗಳ ಬಳಿ ಒಂದೇ ಆಕೃತಿಯ ಹತ್ತು ಹದಿನಾರು ಚಿತ್ರಗಳು, ಪ್ರತಿಯೊಂದರಲ್ಲಿಯೂ ಭಂಗಿ ಕೊಂಚ ಕೊಂಚ ಬೇರೆ. ತಟ್ಟೆಯನ್ನು ಕನ್ನಡಿಯ ಮುಂದೆ ಹಿಡಿದು ತಿರುಗಿಸುತ್ತ ಸೀಳುಗಳ ಮೂಲಕ ಪ್ರತಿಬಿಂಬವನ್ನು ನೋಡಿದರೆ, ಚಿತ್ರದ ನರ್ತಕ ಗಿರಗಿರನೆ ಸುತ್ತುತ್ತಾನೆ, ಕಪ್ಪೆ ನೆಗೆಯುತ್ತದೆ. ಒಂದು ಸುತ್ತು ಮುಗಿದ ಕೂಡಲೇ ಮೊದಲ ಚಿತ್ರ ಮತ್ತೆ ಬರುವುದರಿಂದ ಆಟಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಇಂದು ಮೊಬೈಲಿನಲ್ಲಿ ನೀವು ಕಾಣುವ ಮರುಕಳಿಸುವ ಚಿತ್ರದ ಪೂರ್ಣ ಲಕ್ಷಣ ಆ ತಟ್ಟೆಯಲ್ಲಿಯೇ ಇದೆ. ಅದಕ್ಕೆ ಫೆನಕಿಸ್ಟಿಸ್ಕೋಪ್ ಎಂಬ ಬಾಯಿ ತಿರುಗದ ಹೆಸರು ಬಂತು. 1833ರಲ್ಲಿಯೇ ಯುರೋಪಿನ ನಗರಗಳಲ್ಲಿ ಅಂತಹ ತಟ್ಟೆಗಳು ಆಟಿಕೆಗಳಾಗಿ ಮಾರಾಟಕ್ಕೆ ಬಂದವು. ಮನೆಗೆ ಬಂದ ಅತಿಥಿಗಳು ಅವನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ನೋಡಿ ನಕ್ಕಿರಬೇಕು. ಲಕ್ಷಾಂತರ ಜನರ ಕಣ್ಣಿಗೆ ಇಂತಹ ವಿನೋದವನ್ನು ಕೊಟ್ಟ ಪ್ಲಾತೋ 1843ರ ಹೊತ್ತಿಗೆ ತಾನೇ ದೃಷ್ಟಿಯನ್ನು ಕಳೆದುಕೊಂಡನು. ಆ ಬಳಿಕವೂ ನಾಲ್ಕು ದಶಕಗಳ ಕಾಲ, ಇತರರ ಕಣ್ಣುಗಳ ನೆರವಿನಿಂದ, ತನ್ನ ಸಂಶೋಧನೆಗಳನ್ನು ಮುಂದುವರಿಸಿದನು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ವಿನೋದವು ಸಿನಿಮಾದ ಪರದೆಗೆ ಏರಿತು. 1906ರಲ್ಲಿ ಅಮೆರಿಕದ ಜೆ. ಸ್ಟುವರ್ಟ್ ಬ್ಲಾಕ್‌ಟನ್ ಕರಿಹಲಗೆಯ ಮೇಲೆ ಬರೆದ ಮುಖಗಳು ತಾವಾಗಿಯೇ ಕಣ್ಣು ಮಿಟುಕಿಸುವ, ಹೊಗೆಯುಗುಳುವ ಚಿತ್ರವೊಂದನ್ನು ಮಾಡಿದರು. 1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ ನೂರಾರು ಕೈಬರಹದ ಚಿತ್ರಗಳನ್ನು ಜೋಡಿಸಿ ಎರಡು ನಿಮಿಷಕ್ಕೂ ಕಡಿಮೆ ಅವಧಿಯ ನಗೆಚಿತ್ರವನ್ನು ತಯಾರಿಸಿದರು. ಮುಂದೆ ವಾಲ್ಟ್ ಡಿಸ್ನಿಯವರ ಯುಗ ಬಂದುದು ಎಲ್ಲರಿಗೂ ತಿಳಿದ ಕಥೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ರಟ್ಟಿನ ತಟ್ಟೆಯನ್ನು ಪಕ್ಕದ ಮನೆಗೆ ಒಯ್ಯಬಹುದಾಗಿತ್ತು. ಚಿತ್ರಮಂದಿರದ ಚಿತ್ರವನ್ನು ಒಯ್ಯುವಂತಿರಲಿಲ್ಲ. ಟಿಕೆಟು ಕೊಂಡು ಕತ್ತಲೆಯಲ್ಲಿ ಕುಳಿತು ನಕ್ಕು ಬರಬಹುದಿತ್ತೇ ಹೊರತು, ಆ ನಗೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದು ಗೆಳೆಯನಿಗೆ ಕೊಡಲು ಸಾಧ್ಯವಿರಲಿಲ್ಲ.

ಕ್ಯಾಸೆಟ್ಟಿನಲ್ಲಿ ಬಂದ ಶುಭಾಶಯ

ಆ ಸಾಧ್ಯತೆಯನ್ನು ಮರಳಿ ತಂದುದು ವಿಡಿಯೋ ಕ್ಯಾಸೆಟ್. ಅದಕ್ಕೊಂದು ಸ್ವಾರಸ್ಯಕರ ಉದಾಹರಣೆಯಿದೆ. 1992ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್, ಬಣ್ಣದ ಕಾಗದ ಕತ್ತರಿಸಿ, ಅಂಟು ಹಚ್ಚಿ, ಕ್ಯಾಮೆರಾದ ಕೆಳಗೆ ಒಂದೊಂದೇ ಚೌಕಟ್ಟಾಗಿ ಸರಿಸಿ ಒಂದು ತುಂಟ ಚಿತ್ರವನ್ನು ಮಾಡಿದರು. ಅದನ್ನು ನೋಡಿ ಮೆಚ್ಚಿದ ಬ್ರಯಾನ್ ಗ್ರೇಡನ್ ಎಂಬ ದೂರದರ್ಶನ ಅಧಿಕಾರಿಯು, ಗೆಳೆಯರಿಗೆ ಕ್ರಿಸ್‌ಮಸ್ ಶುಭಾಶಯವಾಗಿ ಕಳುಹಿಸಲು ಅಂತಹುದೇ ಮತ್ತೊಂದನ್ನು ಮಾಡಿಕೊಡುವಂತೆ 1995ರಲ್ಲಿ ಅವರಿಗೆ ಸ್ವಲ್ಪ ಹಣ ಕೊಟ್ಟರು. ಗ್ರೇಡನ್ ಅದರ ಪ್ರತಿಗಳನ್ನು ಪರಿಚಿತರಿಗೆ ಹಂಚಿದರು. ಅವರು ತಮ್ಮ ಪರಿಚಿತರಿಗೆ ಪ್ರತಿ ಮಾಡಿ ಕೊಟ್ಟರು. ಪ್ರತಿಯ ಪ್ರತಿಯ ಪ್ರತಿ ಮಾಸುತ್ತ ಮಾಸುತ್ತ ಅಮೆರಿಕದ ಉದ್ದಗಲಕ್ಕೂ ಹಬ್ಬಿತು, ಅಂತರಜಾಲಕ್ಕೂ ಏರಿತು. ಮಾಡಿದವರನ್ನು ಹುಡುಕಿಕೊಂಡು ದೂರದರ್ಶನ ಸಂಸ್ಥೆಯೇ ಬಂದಿತು. 1997ರ ಆಗಸ್ಟ್ 13ರಂದು ಆರಂಭವಾಗಿ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಸಾಗಿದ 'ಸೌತ್ ಪಾರ್ಕ್' ಸರಣಿಯ ಮೂಲ ಇದೇ. ಆ ಹಾಸ್ಯ ಎಲ್ಲರ ಅಭಿರುಚಿಗೂ ಒಗ್ಗುವಂಥದಲ್ಲ, ಅದು ಬೇರೆ ವಿಚಾರ. ಹಂಚಿಕೆಯಿಂದ ಮಾಡಿದವರಿಗೆ ಲಾಭವಾದ ಅಪರೂಪದ ಪ್ರಸಂಗವೆಂದು ಇದನ್ನು ನೆನಪಿನಲ್ಲಿಡೋಣ. ಮುಂದಿನ ಕಥೆ ಹಾಗಿಲ್ಲ.

'ಸದರಿ' ಎಂಬ ಗುಟ್ಟು

ಕ್ಯಾಸೆಟ್ಟು ಅಂಚೆಯಲ್ಲಿ ಹೋಗಬೇಕು. ದೂರವಾಣಿ ತಂತಿಯ ಮೂಲಕವೇ ಚಿತ್ರ ಹೋಗಬೇಕಾದರೆ ಅದು ಬಹಳ ಚಿಕ್ಕದಾಗಬೇಕು. ಅಮೆರಿಕದ ಕಂಪ್ಯೂಸರ್ವ್ ಕಂಪನಿಯಲ್ಲಿ ಸ್ಟೀವ್ ವಿಲ್‌ಹೈಟ್ ಮತ್ತು ಅವರ ಸಂಗಡಿಗರು 1987ರ ಜೂನ್‌ನಲ್ಲಿ ಹೊರತಂದ 'ಜಿಫ್' ಎಂಬ ಚಿತ್ರಕಡತದ ಕ್ರಮವು ಈ ಕೆಲಸವನ್ನು ಸಾಧಿಸಿತು. ಒಂದು ಚಿತ್ರದಲ್ಲಿ ಗರಿಷ್ಠ 256 ಬಣ್ಣ ಮಾತ್ರ. ಅದರ ಸಂಕೋಚನದ ಗುಟ್ಟನ್ನು ನಮ್ಮ ಶಾನುಭೋಗರ ಲೆಕ್ಕದ ಪುಸ್ತಕದಿಂದ ಸುಲಭವಾಗಿ ತಿಳಿಯಬಹುದು. ಶಾನುಭೋಗರು ಜಮೀನಿನ ಸರ್ವೆ ನಂಬರು, ಚಕ್ಕುಬಂದಿ ಎಲ್ಲವನ್ನೂ ಒಮ್ಮೆ ವಿವರವಾಗಿ ಬರೆದು, ಮುಂದೆಲ್ಲ 'ಸದರಿ ಜಮೀನು' ಎಂದು ಮುಗಿಸುತ್ತಿದ್ದರು. ಚಿತ್ರದಲ್ಲಿಯೂ ಹಾಗೆಯೇ. ಒಮ್ಮೆ ಬಂದ ಬಣ್ಣದ ವಿನ್ಯಾಸವು ಮತ್ತೆ ಬಂದಾಗ ಅದನ್ನು ಪೂರ್ತಿ ಬರೆಯದೆ, 'ಸದರಿ' ಎನ್ನುವಂತೆ ಒಂದು ಸಂಕೇತವನ್ನಷ್ಟೇ ಬರೆಯಲಾಗುತ್ತದೆ.

ಒಂದೇ ಕಡತದಲ್ಲಿ ಹಲವು ಚಿತ್ರಗಳನ್ನಿಡಲು ಮೊದಲಿನಿಂದಲೂ ಅವಕಾಶವಿತ್ತು. 1989ರ ಪರಿಷ್ಕರಣದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಕಾಯಬೇಕೆಂದು ಸೂಚಿಸುವ ಏರ್ಪಾಡು ಸೇರಿತು. ನೆಟ್‌ಸ್ಕೇಪ್ ಎಂಬ ಜಾಲವೀಕ್ಷಕದ ಎರಡನೆಯ ಆವೃತ್ತಿಯು, ಕೊನೆಯ ಚಿತ್ರ ಮುಗಿದೊಡನೆ ಮೊದಲನೆಯದಕ್ಕೆ ಮರಳುವ ಸೌಲಭ್ಯವನ್ನು ಕೊಟ್ಟಿತು. 1995–96ರ ವೇಳೆಗೆ ಪ್ಲಾತೋನ ರಟ್ಟಿನ ತಟ್ಟೆ ಗಣಕದ ಪರದೆಯಲ್ಲಿ ಪುನರ್ಜನ್ಮ ಪಡೆದಿತ್ತು.

ಕುಣಿಯುವ ಕೂಸು

ಸರಿಯಾಗಿ ಅದೇ ವೇಳೆಗೆ ಒಂದು ಕೂಸು ಹುಟ್ಟಿತು. ಆಟೊಡೆಸ್ಕ್ ಕಂಪನಿಯ ಕೈನೆಟಿಕ್ಸ್ ಎಂಬ ವಿಭಾಗವು ಮೂರು ಆಯಾಮದ ಆಕೃತಿಗಳನ್ನು ನಡೆಸುವ, ಕುಣಿಸುವ ತಂತ್ರಾಂಶವೊಂದನ್ನು 1996ರಲ್ಲಿ ಮಾರಾಟಕ್ಕೆ ತಂದಿತು. ಅದರ ಸಾಮರ್ಥ್ಯವನ್ನು ತೋರಿಸಲು ಮೈಕೆಲ್ ಗಿರಾರ್ಡ್ ಮತ್ತು ರಾಬರ್ಟ್ ಲೂರಿ ಎಂಬವರು, ಚಡ್ಡಿ ಬಟ್ಟೆ ಸುತ್ತಿದ ಎಳೆಯ ಕೂಸೊಂದು ದೊಡ್ಡವರಂತೆ ಸೊಂಟ ಬಳುಕಿಸಿ ಚಾ-ಚಾ ನೃತ್ಯ ಮಾಡುವ ಮಾದರಿಯನ್ನು ತಯಾರಿಸಿದರು. ನಗಿಸಬೇಕೆಂಬುದಕ್ಕಿಂತ ತಂತ್ರಾಂಶದ ಗ್ರಾಹಕರಿಗೆ ತೋರಿಸಬೇಕೆಂಬುದೇ ಅದರ ಉದ್ದೇಶವಾಗಿತ್ತು. ರಾನ್ ಲೂಸಿಯರ್ ಎಂಬ ಕಲಾವಿದರು ಆ ಕಡತವನ್ನು ಸ್ವಲ್ಪ ತಿದ್ದಿ ಸಹೋದ್ಯೋಗಿಗಳಿಗೆ ಇ-ಮೇಲ್ ಮಾಡಿದರು. ಜಾನ್ ವುಡೆಲ್ ಎಂಬ ಮತ್ತೊಬ್ಬರು ಅದನ್ನು ಜಿಫ್ ರೂಪಕ್ಕೆ ಇಳಿಸಿದರು. ಅಲ್ಲಿಂದ ಕೂಸು ಯಾರ ಅಂಕೆಗೂ ಸಿಗಲಿಲ್ಲ. 1998ರ ಜನವರಿಯಲ್ಲಿ 'ಆ್ಯಲಿ ಮೆಕ್‌ಬೀಲ್' ಎಂಬ ಅಮೆರಿಕದ ಧಾರಾವಾಹಿಯಲ್ಲಿ, ನಾಯಕಿಯ ಭ್ರಮೆಯಾಗಿ ಅದು ಕಾಣಿಸಿಕೊಂಡಾಗ ಮನೆಮನೆಯ ಮಾತಾಯಿತು.

ಈ ಪ್ರಸಾರದಲ್ಲಿ ನಮ್ಮ ರಾಜ್ಯಕ್ಕೆ ಒಂದು ಸಣ್ಣ ಪಾತ್ರವುಂಟು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಅವರೊಡನೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಅದುವರೆಗೆ ಇ-ಮೇಲ್ ವಿಳಾಸವೆಂದರೆ ಕಚೇರಿಯೋ ವಿಶ್ವವಿದ್ಯಾಲಯವೋ ಕೊಡಬೇಕಾಗಿದ್ದ ಸೌಲಭ್ಯ. ಹಾಟ್‌ಮೇಲ್ ಅದನ್ನು ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಕೊಟ್ಟಿತು. ಒಬ್ಬರಿಗೆ ಸಿಗುತ್ತಿದ್ದ ಜಾಗ ಬರಿಯ 2 ಮೆಗಾಬೈಟ್. 200 ಕಿಲೋಬೈಟಿನ ಹತ್ತು ನಗೆಚಿತ್ರ ಬಂದರೆ ಪೆಟ್ಟಿಗೆ ತುಂಬಿ ಹೋಗುತ್ತಿತ್ತು. ಅಂತಹ ಒಂದು ಚಿತ್ರವು 28.8 ಕಿಲೋಬಿಟ್ ವೇಗದ ಮೋಡೆಮ್ ಮೂಲಕ ಇಳಿಯಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಭಾರತದಲ್ಲಿ ವಿಎಸ್ಎನ್ಎಲ್ ಸಂಸ್ಥೆಯು ಸಾರ್ವಜನಿಕರಿಗೆ ಅಂತರಜಾಲವನ್ನು ಒದಗಿಸಿದ್ದು 1995ರ ಆಗಸ್ಟ್ 15ರಂದು. ಸಣ್ಣ ಊರುಗಳಿಗೆ ಸೈಬರ್ ಸೆಂಟರುಗಳು ಬರುವ ಹೊತ್ತಿಗೆ ಇನ್ನೂ ಕೆಲವು ವರ್ಷ ಹಿಡಿಯಿತು. ಗಂಟೆಗಿಷ್ಟು ಎಂದು ಹಣ ಕೊಟ್ಟು ಕುಳಿತು, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಮೂಡುತ್ತಿದ್ದ ಚಿತ್ರಕ್ಕಾಗಿ ನಾವು ಕಾಯುತ್ತಿದ್ದೆವು. ಹೊರದೇಶದಲ್ಲಿದ್ದ ನಮ್ಮ ಬಂಧುಗಳಿಂದ ಬರುತ್ತಿದ್ದ ಅಂಥ ಪತ್ರಗಳ ತಲೆಯಲ್ಲಿ 'ಫಾರ್ವರ್ಡ್, ಫಾರ್ವರ್ಡ್, ಫಾರ್ವರ್ಡ್' ಎಂಬ ಸರಮಾಲೆ. ಅದರ ಕೆಳಗೆ ಅದುವರೆಗೆ ದಾಟಿಸಿದ್ದ ಮೂವತ್ತು ನಲವತ್ತು ಜನರ ವಿಳಾಸಗಳು. ಇತಿಹಾಸದ ಅಧ್ಯಾಪಕನಾದ ನನಗೆ ಆ ಪಟ್ಟಿಯೇ ಚಿತ್ರಕ್ಕಿಂತ ಹೆಚ್ಚು ಕುತೂಹಲದ್ದಾಗಿತ್ತು. ವಂಶಾವಳಿಯಂತೆ ಯಾರಿಂದ ಯಾರಿಗೆ ಬಂತೆಂಬ ವಿವರವೆಲ್ಲ ಅದರಲ್ಲಿರುತ್ತಿತ್ತು. ಚಿತ್ರ ಬರೆದವರ ಹೆಸರು ಮಾತ್ರ ಇರುತ್ತಿರಲಿಲ್ಲ.

ನಗೆಗೂ ಸುಂಕ

ಜನ ಹೀಗೆ ನಗುತ್ತಿದ್ದಾಗ ತೆರೆಯ ಮರೆಯಲ್ಲಿ ಒಂದು ವಿವಾದ ಬೆಳೆಯುತ್ತಿತ್ತು. ಜಿಫ್ ಬಳಸುತ್ತಿದ್ದ ಸಂಕೋಚನ ವಿಧಾನವನ್ನು ಲೆಂಪೆಲ್ ಮತ್ತು ಜಿವ್ ಅವರ ಸಿದ್ಧಾಂತದ ಆಧಾರದ ಮೇಲೆ ಟೆರಿ ವೆಲ್ಚ್ ರೂಪಿಸಿದ್ದರು. ಅದಕ್ಕೆ 1985ರಲ್ಲಿಯೇ ಪೇಟೆಂಟ್ ದೊರೆತಿತ್ತು. ಅದು ಯೂನಿಸಿಸ್ ಕಂಪನಿಯ ಸ್ವತ್ತಾಗಿತ್ತು. 1994ರ ಡಿಸೆಂಬರ್ ಕೊನೆಯಲ್ಲಿ, ಜಿಫ್ ತಯಾರಿಸುವ ತಂತ್ರಾಂಶಗಳು ಪರವಾನಗಿ ಪಡೆಯಬೇಕೆಂಬ ಪ್ರಕಟಣೆ ಹೊರಬಿತ್ತು. ಸಾರ್ವಜನಿಕ ರಸ್ತೆಯೆಂದು ತಿಳಿದು ಏಳು ವರ್ಷ ನಡೆದಾಡಿದವರಿಗೆ, ಇದು ಖಾಸಗಿ ಜಮೀನು ಎಂದು ಯಾರೋ ಬೇಲಿಯ ಗೂಟ ತೋರಿಸಿದಂತಾಯಿತು. ಸಿಟ್ಟಾದ ತಂತ್ರಜ್ಞರು 1995ರ ಆರಂಭದಲ್ಲಿಯೇ ಸೇರಿ, ಯಾರ ಹಕ್ಕೂ ಇಲ್ಲದ 'ಪಿಎನ್‌ಜಿ' ಎಂಬ ಬದಲಿ ಕ್ರಮವನ್ನು ರೂಪಿಸತೊಡಗಿದರು. 1999ರ ನವೆಂಬರ್ 5ರಂದು 'ಜಿಫ್‌ಗಳನ್ನೆಲ್ಲ ಸುಡಿರಿ' ಎಂಬ ಪ್ರತಿಭಟನೆಯೂ ನಡೆಯಿತು.

ಆದರೂ ಜಿಫ್ ಸಾಯಲಿಲ್ಲ. ಹೊಸ ಪಿಎನ್‌ಜಿ ಚಿತ್ರವು ಎಲ್ಲ ರೀತಿಯಿಂದಲೂ ಉತ್ತಮವಾಗಿತ್ತು, ಆದರೆ ಅದು ಚಲಿಸುತ್ತಿರಲಿಲ್ಲ. ನಿಶ್ಚಲ ಚಿತ್ರಗಳ ಗಂಭೀರ ಕೆಲಸಗಳೆಲ್ಲ ಕ್ರಮೇಣ ಬೇರೆ ರೂಪಗಳ ಪಾಲಾದವು. ಕುಣಿಯುವ ಕೂಸು, ಕುಣಿಯುವ ಇಲಿಗಳಿಗೆ ಮಾತ್ರ ಜಿಫ್ ಅಲ್ಲದೆ ಗತಿಯಿರಲಿಲ್ಲ. ಒಂದು ತಾಂತ್ರಿಕ ಕ್ರಮವನ್ನು ಉಳಿಸಿದ್ದು ಜನರ ತಮಾಷೆ ಎಂದರೆ ಅತಿಶಯೋಕ್ತಿಯಾಗಲಾರದು. ಅಮೆರಿಕದಲ್ಲಿ ಆ ಪೇಟೆಂಟಿನ ಅವಧಿ 2003ರ ಜೂನ್ 20ರಂದು ಮುಗಿಯಿತು. ಮರುವರ್ಷ ಇತರ ದೇಶಗಳಲ್ಲಿಯೂ ಮುಗಿದು, ಬೇಲಿ ತಾನಾಗಿ ಬಿತ್ತು.

ಇಲಿಗಳೆಂದೆನಲ್ಲ, ಅವು ಕೆನಡಾದ ಕಲಾವಿದ್ಯಾರ್ಥಿನಿ ಡೀಡ್ರೆ ಲಾಕಾರ್ಟ್ 1998ರಲ್ಲಿ ಮಾಡಿದ 'ಹ್ಯಾಂಪ್‌ಸ್ಟರ್ ಡ್ಯಾನ್ಸ್' ಪುಟದ ಸಾಕಿಲಿಗಳು. ತನ್ನ ಮುದ್ದಿನ ಹ್ಯಾಮ್‌ಸ್ಟರ್ ಹೆಸರಿನಲ್ಲಿ ಆಕೆ ಮಾಡಿದ ಆ ಪುಟದಲ್ಲಿ ನಾಲ್ಕೇ ಬಗೆಯ ಚಿತ್ರಗಳು ಸಾಲುಸಾಲಾಗಿ ಪುನರಾವರ್ತನೆಯಾಗಿ ಕುಣಿಯುತ್ತಿದ್ದವು. ಹಿನ್ನೆಲೆಗೆ 1973ರ ಡಿಸ್ನಿ ಚಿತ್ರದ ಹಾಡೊಂದನ್ನು ವೇಗ ಹೆಚ್ಚಿಸಿ ಹಾಕಲಾಗಿತ್ತು. ಕೆಲವು ತಿಂಗಳು ಯಾರೂ ಗಮನಿಸದಿದ್ದ ಆ ಪುಟ 1999ರಲ್ಲಿ ಬಾಯಿಂದ ಬಾಯಿಗೆ ಹಬ್ಬಿ ಜಗತ್ಪ್ರಸಿದ್ಧವಾಯಿತು.

ರಂಗೋಲಿಯ ಲೆಕ್ಕ

ಜಿಫ್ ಮೂಕ. ಅದಕ್ಕೆ ದನಿಯಿಲ್ಲ, ಕಥೆ ಹೇಳುವಷ್ಟು ಉದ್ದವೂ ಇಲ್ಲ. ಆ ಕೊರತೆಯನ್ನು ತುಂಬಿದ್ದು 'ಫ್ಲ್ಯಾಶ್'. ಜೊನಾಥನ್ ಗೇ ಎಂಬ ತಂತ್ರಜ್ಞರ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ತಂತ್ರಾಂಶ 1996ರಲ್ಲಿ ಬಂತು. ಅದೇ ವರ್ಷದ ಕೊನೆಯಲ್ಲಿ ಮ್ಯಾಕ್ರೊಮೀಡಿಯ ಕಂಪನಿ ಅದನ್ನು ಕೊಂಡು, ಹೆಸರನ್ನು ಫ್ಲ್ಯಾಶ್ ಎಂದು ಮೊಟಕುಗೊಳಿಸಿತು. 2005ರಲ್ಲಿ ಅದು ಅಡೋಬಿ ಕಂಪನಿಯ ಕೈ ಸೇರಿತು.

ಇದರ ಜಾಣತನವನ್ನು ನಮ್ಮ ಹೆಣ್ಣುಮಕ್ಕಳು ಬಹು ಹಿಂದೆಯೇ ಬಲ್ಲರು. ಒಂದೂರಿನ ರಂಗೋಲಿ ಇನ್ನೊಂದೂರಿಗೆ ಹೋಗಬೇಕಾದರೆ ಅಂಗಳವನ್ನು ಹೊತ್ತೊಯ್ಯಬೇಕಾಗಿಲ್ಲ. 'ಹದಿನೈದು ಚುಕ್ಕೆ, ಎಂಟರವರೆಗೆ ನಡುಚುಕ್ಕೆ' ಎಂದರೆ ಸಾಕು, ಉಳಿದುದನ್ನು ಕೈ ಬರೆದುಕೊಳ್ಳುತ್ತದೆ. ಫ್ಲ್ಯಾಶ್ ಕೂಡ ಚಿತ್ರದ ಪ್ರತಿ ಬಿಂದುವನ್ನು ಕಳುಹಿಸುತ್ತಿರಲಿಲ್ಲ. ಇಲ್ಲಿಂದ ಅಲ್ಲಿಗೆ ಗೆರೆ, ಇಂತಹ ವಕ್ರರೇಖೆ, ಇದರೊಳಗೆ ಕೆಂಪು ಎಂಬ ಸೂಚನೆಗಳನ್ನಷ್ಟೇ ಕಳುಹಿಸುತ್ತಿತ್ತು. ನೋಡುವವರ ಗಣಕವೇ ಚಿತ್ರವನ್ನು ಬರೆದುಕೊಳ್ಳುತ್ತಿತ್ತು. ಆದ್ದರಿಂದ ಹಾಡು ಮಾತು ಸಹಿತ ಮೂರು ನಿಮಿಷದ ವ್ಯಂಗ್ಯಚಿತ್ರವೂ ನಿಧಾನಗತಿಯ ದೂರವಾಣಿ ತಂತಿಯಲ್ಲಿ ಸಾಗುವಂತಾಯಿತು.

ಸ್ಟುಡಿಯೋ ಇಲ್ಲದ, ಬಂಡವಾಳವಿಲ್ಲದ ಯುವಕರಿಗೆ ಇದು ದೊಡ್ಡ ಅವಕಾಶ. ಅಟ್ಲಾಂಟದ ಮೈಕ್ ಮತ್ತು ಮ್ಯಾಟ್ ಚಾಪ್‌ಮನ್ ಸಹೋದರರು 2000ದಲ್ಲಿ ಜಾಲಕ್ಕೆ ತಂದ 'ಹೋಮ್‌ಸ್ಟಾರ್ ರನ್ನರ್' ಸರಣಿಯೂ, 2003ರಲ್ಲಿ ಇಂಗ್ಲೆಂಡಿನ ಜಾಂಟಿ ಪಿಕಿಂಗ್ ಮಾಡಿದ, ಬ್ಯಾಜರ್ ಎಂಬ ಪ್ರಾಣಿಗಳು ಕೊನೆಯಿಲ್ಲದೆ ಬಸ್ಕಿ ಹೊಡೆಯುವ ಅರ್ಥಹೀನ ಹಾಡೂ ಹೀಗೆ ಹುಟ್ಟಿದವು. ಕಚೇರಿಗಳಲ್ಲಿ ಒಬ್ಬರು ತೆರೆದರೆ ಹತ್ತು ಜನ ಬೆನ್ನ ಹಿಂದೆ ನಿಂತು ನಗುತ್ತಿದ್ದರು. ನಿಮ್ಮಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಆ ವರ್ಷಗಳಲ್ಲಿ ಸೇರಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಹಾಡು ಯಾರದು?

2004ರ ಜುಲೈಯಲ್ಲಿ, ಅಮೆರಿಕದ ಅಧ್ಯಕ್ಷ ಚುನಾವಣೆಯ ಕಾವಿನ ನಡುವೆ, ಗ್ರೆಗ್ ಮತ್ತು ಇವಾನ್ ಸ್ಪಿರಿಡೆಲಿಸ್ ಎಂಬ ಸಹೋದರರ 'ಜಿಬ್‌ಜ್ಯಾಬ್' ಸಂಸ್ಥೆ ಒಂದು ಫ್ಲ್ಯಾಶ್ ಚಿತ್ರವನ್ನು ಬಿಡುಗಡೆ ಮಾಡಿತು. ಅದರಲ್ಲಿ ಜಾರ್ಜ್ ಬುಷ್ ಮತ್ತು ಜಾನ್ ಕೆರಿಯವರ ಕಾಗದದ ಬೊಂಬೆಗಳು, ವುಡಿ ಗತ್ರಿ ಎಂಬ ಜನಪದ ಗಾಯಕನ ಪ್ರಸಿದ್ಧ ದೇಶಗೀತೆಯ ಧಾಟಿಯಲ್ಲಿ ಪರಸ್ಪರ ಬೈದಾಡುತ್ತಿದ್ದವು. ಎರಡೂ ಪಕ್ಷದವರು ನಕ್ಕರು. ಕೆಲವೇ ವಾರಗಳಲ್ಲಿ ಅದು ದೇಶವನ್ನೆಲ್ಲ ಸುತ್ತಿತು. ಕೂಡಲೇ ಆ ಹಾಡಿನ ಹಕ್ಕು ತನ್ನದೆಂದು ಹೇಳಿಕೊಂಡ ಲಡ್ಲೋ ಮ್ಯೂಸಿಕ್ ಸಂಸ್ಥೆಯಿಂದ ಕಾನೂನು ಕ್ರಮದ ಬೆದರಿಕೆ ಬಂತು.

ಸಹೋದರರ ಪರವಾಗಿ ನಿಂತ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ವಕೀಲರು ಇತಿಹಾಸಕಾರರು ಮಾಡುವ ಕೆಲಸವನ್ನೇ ಮಾಡಿದರು: ಮೂಲ ದಾಖಲೆಯನ್ನು ಹುಡುಕಿದರು. ಗತ್ರಿ 1945ರಲ್ಲಿಯೇ ಆ ಹಾಡನ್ನು ಅಚ್ಚು ಹಾಕಿಸಿದ್ದನೆಂಬುದಕ್ಕೆ ಆಧಾರ ದೊರೆಯಿತು. ಅಂದಿನ ಕಾನೂನಿನಂತೆ 28 ವರ್ಷಗಳಾದ ಮೇಲೆ ಹಕ್ಕನ್ನು ನವೀಕರಿಸಬೇಕಾಗಿತ್ತು. 1945ರಿಂದ ಎಣಿಸಿದರೆ ಆ ಗಡುವು 1973ಕ್ಕೇ ಮುಗಿದುಹೋಗಿತ್ತು ಎಂಬುದು ವಕೀಲರ ವಾದ. ಪ್ರಕರಣ ಆಗಸ್ಟ್ ತಿಂಗಳಲ್ಲಿ ರಾಜಿಯಲ್ಲಿ ಮುಗಿದು, ಚಿತ್ರವು ಜನರಿಗೆ ಉಳಿಯಿತು. ಎರಡು ನಿಮಿಷದ ನಗೆಚಿತ್ರವೊಂದನ್ನು ಆರು ದಶಕ ಹಳೆಯ ಹಾಡಿನ ಪುಸ್ತಕವೊಂದು ಕಾಪಾಡಿತು. ಇತಿಹಾಸ ಓದಿ ಏನು ಪ್ರಯೋಜನ ಎಂದು ಕೇಳುವವರಿಗೆ ಈ ಪ್ರಸಂಗವನ್ನು ಹೇಳಬಹುದು.

ಅಳಿದವು, ಉಳಿದವು

2005ರಲ್ಲಿ ಯೂಟ್ಯೂಬ್ ಬಂದ ಮೇಲೆ ದೃಶ್ಯಗಳನ್ನು ಹಂಚುವುದು ಎಲ್ಲರಿಗೂ ಸುಲಭವಾಯಿತು. 2007ರ ಐಫೋನಿನಲ್ಲಿ ಫ್ಲ್ಯಾಶ್‌ಗೆ ಸ್ಥಾನವಿರಲಿಲ್ಲ. ಭದ್ರತೆಯ ದೋಷಗಳು, ಬ್ಯಾಟರಿ ಕಬಳಿಸುವ ಗುಣ ಮುಂತಾದ ಕಾರಣಗಳನ್ನು ಕೊಟ್ಟು ಸ್ಟೀವ್ ಜಾಬ್ಸ್ 2010ರ ಏಪ್ರಿಲ್‌ನಲ್ಲಿ ಬಹಿರಂಗ ಪತ್ರವನ್ನೇ ಬರೆದರು. 2017ರಲ್ಲಿ ಅಡೋಬಿ ಫ್ಲ್ಯಾಶ್‌ನ ಅಂತ್ಯವನ್ನು ಘೋಷಿಸಿತು. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಂತಿತು. 2021ರ ಜನವರಿ 12ರಿಂದ ಅಡೋಬಿಯ ಫ್ಲ್ಯಾಶ್ ಪ್ಲೇಯರ್ ತಾನೇ ಯಾವ ಚಿತ್ರವನ್ನೂ ತೋರಿಸಲು ನಿರಾಕರಿಸಿತು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಲೆಕ್ಕವಿಲ್ಲದಷ್ಟು ಜನ ಮಾಡಿದ ವ್ಯಂಗ್ಯಚಿತ್ರಗಳು, ಆಟಗಳು ಸಾಮಾನ್ಯ ಗಣಕಗಳಲ್ಲಿ ಒಂದೇ ದಿನ ಕುರುಡಾದವು. ಚಿತ್ರಗಳು ಜನರವಾಗಿದ್ದರೂ ಅವುಗಳನ್ನು ತೋರಿಸುವ ಯಂತ್ರ ಒಂದು ಕಂಪನಿಯದಾಗಿತ್ತು.

ಜಿಫ್‌ಗಳಿಗೂ ಇಂಥ ಗಂಡಾಂತರ ಬಂದಿತ್ತು. ಸಾಮಾನ್ಯ ಜನರ ಲಕ್ಷಾಂತರ ಪುಟಗಳಿಗೆ ಆಶ್ರಯವಾಗಿದ್ದ ಜಿಯೋಸಿಟೀಸ್ ಎಂಬ ತಾಣವನ್ನು ಅದರ ಒಡೆತನ ಹೊಂದಿದ್ದ ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಆಗ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪೂ ಇಂಟರ್ನೆಟ್ ಆರ್ಕೈವ್ ಸಂಸ್ಥೆಯೂ ಕೈಗೆ ಸಿಕ್ಕಷ್ಟನ್ನು ನಕಲು ಮಾಡಿ ಉಳಿಸಿದವು. ಆ ರಾಶಿಯಿಂದ ಹೆಕ್ಕಿದ ಜಿಫ್‌ಗಳ ಭಂಡಾರವನ್ನು 2016ರಲ್ಲಿ 'ಜಿಫ್‌ಸಿಟೀಸ್' ಎಂಬ ಹೆಸರಿನಲ್ಲಿ ಇಂಟರ್ನೆಟ್ ಆರ್ಕೈವ್ ತೆರೆದಿಟ್ಟಿತು. ಫ್ಲ್ಯಾಶ್‌ನ ಕೊನೆಗಾಲದಲ್ಲಿಯೂ, 2020ರ ನವೆಂಬರಿನಲ್ಲಿ, ಅದೇ ಸಂಸ್ಥೆ 'ರಫಲ್' ಎಂಬ ಅನುಕರಣ ತಂತ್ರಾಂಶದ ನೆರವಿನಿಂದ ಹಳೆಯ ಚಿತ್ರಗಳು ಮತ್ತೆ ಆಡುವಂತೆ ಮಾಡಿತು. 'ಫ್ಲ್ಯಾಶ್‌ಪಾಯಿಂಟ್' ಎಂಬ ಸ್ವಯಂಸೇವಕರ ಯೋಜನೆಯು ಲಕ್ಷಕ್ಕೂ ಮಿಕ್ಕ ಆಟ ಮತ್ತು ಚಿತ್ರಗಳನ್ನು ಸಂಗ್ರಹಿಸಿತು. ಹಳ್ಳಿಹಳ್ಳಿ ತಿರುಗಿ ಅಟ್ಟದ ಮೇಲಿನ ಓಲೆಗರಿಗಳನ್ನು ಉಳಿಸಿಕೊಟ್ಟ ನಮ್ಮ ಹಿರಿಯ ವಿದ್ವಾಂಸರ ಸಾಲಿಗೆ ಈ ಸ್ವಯಂಸೇವಕರನ್ನೂ ಸೇರಿಸಲು ನನಗೆ ಸಂಕೋಚವಿಲ್ಲ.

ಈ ನಡುವೆ ನಗೆಯ ವ್ಯಾಪಾರ ಬೆಳೆಯಿತು. 2011ರ ಏಪ್ರಿಲ್‌ನಲ್ಲಿ ಕ್ರಿಸ್ಟೋಫರ್ ಟಾರಸ್ ಬರೆದ, ಕಾಮನಬಿಲ್ಲನ್ನು ಎಳೆಯುತ್ತ ಹಾರುವ 'ನ್ಯಾನ್ ಕ್ಯಾಟ್' ಎಂಬ ಬೆಕ್ಕಿನ ಜಿಫ್‌ನ ಡಿಜಿಟಲ್ ಒಡೆತನದ ಪತ್ರವು 2021ರ ಫೆಬ್ರವರಿಯಲ್ಲಿ ಐದು ಲಕ್ಷ ಡಾಲರುಗಳಿಗೂ ಅಧಿಕ ಬೆಲೆಗೆ ಹರಾಜಾಯಿತು. ಜಿಫ್‌ಗಳನ್ನು ಒದಗಿಸುವ 'ಜಿಫಿ' ಸಂಸ್ಥೆಯನ್ನು 2020ರಲ್ಲಿ ಫೇಸ್‌ಬುಕ್ ಕೊಂಡಿತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು ಅದನ್ನು ಮಾರಿಬಿಡಬೇಕೆಂದು ಆಜ್ಞಾಪಿಸಿದ ಮೇಲೆ, 2023ರಲ್ಲಿ ಅದು 5.3 ಕೋಟಿ ಡಾಲರಿಗೆ ಶಟರ್‌ಸ್ಟಾಕ್ ಕಂಪನಿಯ ಪಾಲಾಯಿತು. ಜಿಫ್ ಕ್ರಮವನ್ನೇ ರೂಪಿಸಿದ ವಿಲ್‌ಹೈಟ್‌ರಿಗೆ 2013ರಲ್ಲಿ ಒಂದು ಜೀವಮಾನ ಪ್ರಶಸ್ತಿ ಸಂದಿತು. ಅದರ ಹೆಸರನ್ನು 'ಗಿಫ್' ಎನ್ನಬಾರದು, 'ಜಿಫ್' ಎನ್ನಬೇಕೆಂದು ಅವರು ಆ ಸಂದರ್ಭದಲ್ಲಿ ಸ್ಪಷ್ಟಪಡಿಸಿದರು. 2022ರ ಮಾರ್ಚಿಯಲ್ಲಿ ಅವರು ತೀರಿಕೊಂಡರು. ಅಂದು ಕೂಡ ಜಗತ್ತಿನಾದ್ಯಂತ ಜಿಫ್ ಹಂಚಿಕೊಂಡವರಲ್ಲಿ ಅವರ ಹೆಸರು ಕೇಳಿದ್ದವರು ಎಷ್ಟು ಮಂದಿ?

ಅಂಕಿತವಿಲ್ಲದ ಪದ

ಜನಪದ ಗೀತೆಗಳಿಗೂ ಕರ್ತೃವಿಲ್ಲ, ಅದರಲ್ಲೇನು ತಪ್ಪು ಎಂದು ಕೇಳಬಹುದು. ಆದರೆ ನಮ್ಮ ಪೂರ್ವಿಕರು ಈ ಅಪಾಯವನ್ನು ಅರಿತಿದ್ದರು. ಬಾಯಿಂದ ಬಾಯಿಗೆ ಹರಿಯುವ ಮಾತಿನಿಂದ ಹೇಳಿದವರ ಹೆಸರು ಉದುರಿ ಹೋಗುತ್ತದೆಯೆಂದು ತಿಳಿದೇ, ವಚನಕಾರರೂ ಹರಿದಾಸರೂ ಅಂಕಿತವನ್ನು ರಚನೆಯ ಒಳಗೇ ನೇಯ್ದರು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಪುರಂದರವಿಠಲ ಎಂದರೆ ಪುರಂದರದಾಸರು. ಶತಮಾನಗಳ ಕಾಲ ಬಾಯಿಪಾಠವಾಗಿ ಸಾಗಿಬಂದರೂ ಹೆಸರು ಕಳೆಯಲಿಲ್ಲ. ಜಿಫ್‌ಗೆ ಅಂಕಿತವಿಲ್ಲ, ಇದ್ದರೂ ಅಂಚನ್ನು ಕತ್ತರಿಸಲು ಒಂದು ಕ್ಷಣ ಸಾಕು.

ನಗೆಯ ವಿಷಯದಲ್ಲಿ ಇದರಿಂದಾಗುವ ನಷ್ಟ ಕಲಾವಿದನೊಬ್ಬನದು ಮಾತ್ರ. ಆದರೆ ಕೇಳದೆ ದಾಟಿಸುವ ಕೈಗೆ ನಗೆಯೂ ಒಂದೇ, ವದಂತಿಯೂ ಒಂದೇ. 2018ರಲ್ಲಿ ನಮ್ಮ ರಾಜ್ಯವನ್ನೂ ಸೇರಿಸಿ ದೇಶದ ಹಲವೆಡೆ ಮಕ್ಕಳ ಕಳ್ಳರ ಭೀತಿ ಹಬ್ಬಿಸಿದ ದೃಶ್ಯವೊಂದು ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ಆ ದೃಶ್ಯ, ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರದ ತುಣುಕು. ಅದರ ಕೊನೆಯಲ್ಲಿ ಅವರೇ ಮಗುವನ್ನು ಹಿಂದಿರುಗಿಸಿ, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು, ಉಳಿದವರು ದಾಟಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರೆಂಬ ಶಂಕೆಯಿಂದ ಗುಂಪುಗಳು ನಿರಪರಾಧಿಗಳನ್ನು ಹೊಡೆದು ಕೊಂದವು. ಅದೇ ಜುಲೈಯಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ದಾಟಿಸಿದ ಸಂದೇಶಗಳಿಗೆ ಗುರುತುಚೀಟಿ ಅಂಟಿಸಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನು ಹೇರಲು ಮುಂದಾಯಿತು. ಹಿಂದಿನ ಇ-ಮೇಲಿನಲ್ಲಿ ದಾಟಿಸಿದವರ ಪಟ್ಟಿಯಾದರೂ ಇರುತ್ತಿತ್ತು. ಇಂದಿನ ಗುರುತುಚೀಟಿಯಲ್ಲಿ 'ಹಲವು ಬಾರಿ ದಾಟಿಸಲಾಗಿದೆ' ಎಂಬುದರ ಹೊರತು ಯಾವ ಹೆಸರೂ ಇಲ್ಲ.

ನಗುವುದನ್ನು ಬಿಡಿ ಎಂದು ಈ ವಯಸ್ಸಿನಲ್ಲಿ ನಾನು ಉಪದೇಶಿಸುವುದಿಲ್ಲ. ನನ್ನ ಮೊಮ್ಮಕ್ಕಳು ತೋರಿಸುವ ಚಿತ್ರಗಳಿಗೆ ನಾನೂ ಮನಸಾರೆ ನಗುತ್ತೇನೆ. ನನ್ನ ಕೋರಿಕೆ ಇಷ್ಟೇ. ತುಂಬ ಹಿಡಿಸಿದ ಒಂದು ಚಿತ್ರ ಸಿಕ್ಕಾಗ, ದಾಟಿಸುವ ಮೊದಲು ಎರಡು ನಿಮಿಷ ಹುಡುಕಿ, ಮಾಡಿದವರು ಸಿಕ್ಕಿದರೆ ಅವರ ಹೆಸರನ್ನೂ ಜೊತೆಗೆ ಬರೆಯಿರಿ. ನಿಮ್ಮ ಹಳೆಯ ಗಣಕದಲ್ಲಿ, ಸಿಡಿಯಲ್ಲಿ ಆ ಕಾಲದ ನಗೆಚಿತ್ರಗಳೇನಾದರೂ ಉಳಿದಿದ್ದರೆ ಅಳಿಸದೆ ಇಟ್ಟುಕೊಳ್ಳಿ. ಯಾವುದು ಎಲ್ಲಿಂದ ಬಂತೆಂದು ಒಂದು ಸಾಲು ಬರೆದಿಡಿ. ಅಂಥವು ಯಾರಲ್ಲಾದರೂ ಇದ್ದರೆ ದಯವಿಟ್ಟು ನನಗೂ ತಿಳಿಸಿ.